ಅಪ್ಪನಿಗೆ ಗೊತ್ತಿದ್ದ ಒಂದೇ ಇಂಗ್ಲಿಷ್ ಪದ

ಜೂನ್ ೯

ಅಪ್ಪ,

ಕಾಗದ ನೋಡಿ ಗಾಬರಿ ಬೀಳಬೇಡ. ಮನೆಗೆ ಫೋನ್ ಮಾಡಿದರೆ ಎತ್ತುವವಳೂ ಅಮ್ಮ, ನಡುವೆ ಬಾಯಿ ಹಾಕುವವಳೂ ಅಮ್ಮ. ಫೋನು ನಿನ್ನ ಕೈಗೆ ಬರುವ ಹೊತ್ತಿಗೆ ಹೇಳಬೇಕಾದ್ದೇ ಮರೆತುಹೋಗಿರುತ್ತದೆ. ಅದಕ್ಕೇ ನಿನ್ನ ಬಿಸ್ಕತ್ತು ಫ್ಯಾಕ್ಟರಿಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಓದಿ ಹರಿದು ಹಾಕು.

ಕೇಳಬೇಕಾದ್ದು ಒಂದೇ. ನಾನು ಶಾಲೆಗೆ ಹೋಗುತ್ತಿದ್ದಾಗ ‘ತಲೆಸುತ್ತಿಗೆ’ ಅಂತ ಅಮ್ಮ ಒಂದು ಬಿಳಿ ಮಾತ್ರೆ ಕೊಡುತ್ತಿದ್ದಳಲ್ಲ, ಅದರ ಹೆಸರು ನೆನಪಿದೆಯೇ? ಅವಳನ್ನು ಮಾತ್ರ ಕೇಳಬೇಡ. ಯಾಕೆ ಅನ್ನುತ್ತಾಳೆ, ನೀನು ಏನೋ ಒಂದು ಸುಳ್ಳು ಹೇಳುತ್ತೀಯ, ನಿನ್ನ ಮುಖ ನೋಡಿದರೆ ಸಾಕು ಅವಳಿಗೆ ಎಲ್ಲಾ ತಿಳಿದುಬಿಡುತ್ತದೆ.

ಸರಿ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ. ಮತ್ತೆ ಬಂತು ಅಪ್ಪ. ಇಷ್ಟು ವರ್ಷ ಇರಲಿಲ್ಲ, ಮತ್ತೆ ಬಂತು. ಮೊದಲನೇ ಸಲ ಡಿಪೋದಲ್ಲಿ, ಹೆಂಗಸರು ಬಟ್ಟೆ ಬದಲಾಯಿಸುವ ಕೋಣೆಯಲ್ಲಿ. ಎಚ್ಚರವಾದಾಗ ನೆಲದ ಮೇಲಿದ್ದೆ, ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ. ಜಾರಿ ಬಿದ್ದೆ ಅಂದೆ, ಎಲ್ಲರೂ ನಂಬಿದರು. ನನ್ನ ಬಸ್ಸಿನ ಕಂಡಕ್ಟರಮ್ಮ ಮಾತ್ರ, “ಬರೀ ನೆಲದಲ್ಲಿ ಜಾರೋದು ಹೆಂಗೆ ಅಂತ ನಂಗೂ ಹೇಳ್ಕೊಡೇ” ಅಂತ ನಕ್ಕಳು. ಎರಡನೇ ಸಲ ನನ್ನ ರೂಮಿನಲ್ಲಿ ಆಯಿತು. ಅಲ್ಲಿ ನೋಡುವವರು ಯಾರೂ ಇರಲಿಲ್ಲ.

ಬಸ್ಸಿನಲ್ಲಿ ಆಗಿಲ್ಲ. ಆಗುವುದೂ ಇಲ್ಲ. ಸ್ಟಿಯರಿಂಗ್ ಹಿಡಿದು ಕೂತರೆ ನಾನು ಬೇರೆಯೇ ಮನುಷ್ಯಳು, ನೀನೇ ಒಂದು ಸಲ ಬಂದು ನೋಡಿದ್ದೀಯ. ಮಾತ್ರೆಯ ಹೆಸರು ಬರೆದು ಕಳಿಸು, ಇಲ್ಲೇ ಸದ್ದಿಲ್ಲದೆ ತಗೋತೀನಿ.

ನಿನ್ನ
ಮೊಂಡಿ

ಜೂನ್ ೧೬

ಮೊಂಡಿ,

ನಿನ್ನ ಕಾಗದವನ್ನು ಬಾಯ್ಲರಿನ ಬೆಂಕಿಗೆ ಹಾಕಿದೆ. ಆಮೇಲೆ ಊಟದ ಡಬ್ಬಿ ಬಿಚ್ಚಿ ಹಾಗೇ ಮುಚ್ಚಿದೆ. ಸಂಜೆ ಮನೆಯಲ್ಲಿ ನಿನ್ನಮ್ಮ ಖಾಲಿಯಾಗದ ಡಬ್ಬಿ ನೋಡಿ, “ಯಾರ ಮನೇಲಿ ಊಟ ಆಯ್ತು?” ಅಂತ ಕೇಳಿದಳು.

ನನಗೆ ಬರುವ ಇಂಗ್ಲಿಷ್ ಎಷ್ಟು ಅಂತ ನಿನಗೆ ಗೊತ್ತೇ ಇದೆ. ಬಾಸ್ ಏನಾದರೂ ಅಂದರೆ ‘ಎಸ್ ಸಾರ್’ ಅಂದು ಪಕ್ಕದವನ ಮುಖ ನೋಡುವ ಗಿರಾಕಿ ನಾನು. ಆದರೆ ಒಂದು ಪದ ಮಾತ್ರ ನನಗೆ ಪಕ್ಕಾ ಬರುತ್ತದೆ. ಫಿಟ್. ನಮ್ಮ ಮನೆ ನಡೆಯುತ್ತಿರುವುದೇ ಅದರಿಂದ, ನಾನು ಫಿಟ್ಟರ್ ತಾನೆ. ಶಾಫ್ಟಿಗೆ ಬೇರಿಂಗ್ ಕೂತರೆ ಫಿಟ್. ನಿನ್ನಮ್ಮ ಹೊಲಿದ ಅಂಗಿಯ ತೋಳು ಹಿಡಿದರೆ ಫಿಟ್ ಇಲ್ಲ. ಗೋಡೆ ಮೇಲಿನ ದೀಪ, ಬಚ್ಚಲಿನ ನಲ್ಲಿ ಎಲ್ಲಾ ಫಿಟ್ಟಿಂಗ್ಸು. ಚಾಡಿ ಹೇಳಿ ಇಬ್ಬರ ನಡುವೆ ಬೆಂಕಿ ಹಚ್ಚಿದರೆ ಅದು ಫಿಟ್ಟಿಂಗ್ ಇಡೋದು. ಜ್ವರ ಬಿಟ್ಟವನು ಕೆಲಸಕ್ಕೆ ಬಂದರೆ ಅವನೂ ಫಿಟ್. ಇಷ್ಟೊಂದು ಕೆಲಸ ಮಾಡುವ ಪದ ಕನ್ನಡದಲ್ಲಿ ಯಾವುದಿದೆ ಅಂತ ಎಷ್ಟೋ ಸಲ ಯೋಚಿಸಿ ಕೈಬಿಟ್ಟಿದ್ದೇನೆ.

ನಿನಗೆ ನೆನಪಿರಲಾರದು. ಎರಡನೇ ಕ್ಲಾಸಿಗೆ ಬೂಟು ಕೊಡಿಸಲು ಕರೆದುಕೊಂಡು ಹೋಗಿದ್ದೆ. ಅಂಗಡಿಯವನು ನಿನ್ನ ಹೆಬ್ಬೆರಳನ್ನು ಬೂಟಿನ ಮೇಲಿಂದ ಒತ್ತಿ ನೋಡಿ, “ಕರೆಕ್ಟ್ ಫಿಟ್ಟು ಸಾರ್, ಇನ್ನೊಂದು ವರ್ಷ ಚಿಂತೆ ಇಲ್ಲ” ಅಂದ. ನೀನು ಎದ್ದು ನಿಂತವಳು ಹಾಗೇ ಮರದ ಹಲಗೆಯಂತೆ ಬಿದ್ದೆ. ಕೈಕಾಲು ಸೆಟೆದುಕೊಂಡವು, ಕಣ್ಣು ಮೇಲೆ ಹೋಯಿತು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆ. ಡಾಕ್ಟರು “ಫಿಟ್ಸ್” ಅಂದರು. ನಾನು, “ಹೌದು ಸಾರ್, ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಫಿಟ್ಟರು” ಅಂದೆ. ಅವರಿಗೆ ನಗು ಬಂತು, ನಿನ್ನ ಮುಖ ನೋಡಿ ತಡೆದುಕೊಂಡರು. ಒಂದು ಕಾಲಿನ ಬೂಟು ಅಂಗಡಿಯಲ್ಲೇ ಉಳಿದಿತ್ತು.

ಮನೆಗೆ ಬಂದ ಮೇಲೆ ನಿನ್ನಮ್ಮ, “ಇದು ತಲೆಸುತ್ತು, ಅಷ್ಟೇ. ಆ ಇನ್ನೊಂದು ಮಾತು ಈ ಮನೇಲಿ ಯಾರೂ ಆಡ್ಬೇಡಿ” ಅಂದಳು. ಯಾರೂ ಆಡಲಿಲ್ಲ. ನೀನು ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದಾಗಲೂ ಆಡಲಿಲ್ಲ.

ಮಾತ್ರೆಯ ಹೆಸರು ನನಗೆ ನೆನಪಿದೆ. ಬರೆಯುವುದಿಲ್ಲ. ನಾಳೆಯೇ ಒಳ್ಳೆ ಡಾಕ್ಟರಿಗೆ ತೋರಿಸು, ಅಲ್ಲಿವರೆಗೆ ಬಸ್ಸು ಹತ್ತಬೇಡ. ಹೊಟ್ಟೆನೋವು ಅನ್ನು, ಏನಾದರೂ ಅನ್ನು. ನಿನಗೆ ಕೈ ಮುಗಿಯುತ್ತೇನೆ.

ಅಪ್ಪ

ಜೂನ್ ೨೮

ಅಪ್ಪ,

ನಾಲ್ಕಕ್ಷರದ ಹೆಸರು ಕೇಳಿದರೆ ನಾಲ್ಕು ಪುಟ ಉಪದೇಶ ಕಳಿಸಿದ್ದೀಯ. ಬೂಟಿನ ಕಥೆ ಓದಿ ನಗು ಬಂತು, ಆಮೇಲೆ ನಗು ನಿಂತುಹೋಯಿತು.

ಡಾಕ್ಟರಿಗೆ ತೋರಿಸು ಅಂತ ಸುಲಭವಾಗಿ ಬರೆದೆ. ತೋರಿಸಿದರೆ ಏನಾಗುತ್ತದೆ ಅಂತ ನನ್ನಿಂದ ಕೇಳು. ಅವರು ಬರೆದುಕೊಳ್ಳುತ್ತಾರೆ. ಬರೆದದ್ದು ಡಿಪೋಗೆ ಬರುತ್ತದೆ. ನಮ್ಮ ಡಿಪೋ ಡಾಕ್ಟರು ವರ್ಷಕ್ಕೊಮ್ಮೆ ಕಣ್ಣು, ಕಿವಿ, ರಕ್ತದೊತ್ತಡ ನೋಡಿ ‘ಫಿಟ್’ ಅಂತ ಮೊಹರು ಒತ್ತುತ್ತಾರಲ್ಲ, ಅದರ ಪಕ್ಕದಲ್ಲೇ ಇನ್ನೊಂದು ಮೊಹರಿದೆ. ಹೋದ ವರ್ಷ ನಮ್ಮ ಹಿರಿಯ ಡ್ರೈವರೊಬ್ಬನಿಗೆ ಒತ್ತಿದರು. ಈಗ ಅವನು ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂತು ಬರುವ ಹೋಗುವ ಬಸ್ಸಿಗೆ ಕೈ ಮಾಡುತ್ತಾನೆ. ಯಾರೂ ವಾಪಸ್ ಕೈ ಮಾಡುವುದಿಲ್ಲ.

ನನಗೆ ಬೇರೆ ಏನಿದೆ ಹೇಳು. ಓದಿನಲ್ಲಿ ನಾನು ಅಷ್ಟಕ್ಕಷ್ಟೇ. ಮದುವೆಯ ಮಾತು ನೀವೇ ಎತ್ತಿ ನೀವೇ ಬಿಟ್ಟಿರಿ, ಕಾರಣ ನಾನೂ ಕೇಳಲಿಲ್ಲ. ಈ ಬಸ್ಸೊಂದೇ ನನ್ನದು ಅಂತ ಇರುವುದು. ಬೆಳಿಗ್ಗೆ ಶಾಲೆ ತಿರುವಿನಲ್ಲಿ ಗೇರ್ ಇಳಿಸಿ, ಅಷ್ಟು ದೊಡ್ಡ ಗಾಡಿಯನ್ನು ಅಂಗೈಯಲ್ಲೇ ಹೊರಳಿಸುತ್ತೇನೆ. ಮಕ್ಕಳು ಕಿಟಕಿಯ ಸರಳು ಬಡಿಯುತ್ತಾ ಕೂಗುತ್ತಾರೆ. ಹೆಂಗಸು ಓಡಿಸುವ ಬಸ್ಸು ಅಂತ ಮೂಗು ಮುರಿದು ಇಳಿದು ಹೋಗಿದ್ದ ಒಬ್ಬ ಅಜ್ಜ ಈಗ ಬೇರೆ ಬಸ್ಸು ಬಂದರೂ ಬಿಟ್ಟು ನನ್ನದಕ್ಕೇ ಕಾಯುತ್ತಾನೆ. “ನೀನು ಬ್ರೇಕ್ ಹಾಕಿದ್ರೆ ನನ್ನ ಸೊಂಟಕ್ಕೆ ಗೊತ್ತೇ ಆಗಲ್ಲಮ್ಮ” ಅನ್ನುತ್ತಾನೆ. ಅಂಥಾ ಮಾತು ನನ್ನ ಬಗ್ಗೆ ಬೇರೆ ಯಾರೂ ಆಡಿಲ್ಲ.

ನಾನು ನಿನ್ನನ್ನು ನಂಬಿ ಹೇಳಿದ್ದು. ಹೇಳಿದ್ದೇ ತಪ್ಪಾಯಿತು ಅನ್ನಿಸುವ ಹಾಗೆ ಮಾಡಬೇಡ.

ಮೊಂಡಿ

ಜುಲೈ ೧೯

ಮಗಳೇ,

ನಿನ್ನ ಕಾಗದಕ್ಕೆ ಉತ್ತರ ಬರೆಯಲು ಇಷ್ಟು ದಿನ ಹಿಡಿಯಿತು.

ಫ್ಯಾಕ್ಟರಿಯಲ್ಲಿ ನಮ್ಮದೊಂದು ಪದ್ಧತಿ ಇದೆ. ಫಿಟ್ಟರು ಮೆಷಿನ್ನಿನೊಳಗೆ ಕೈ ಹಾಕುವ ಮೊದಲು ಸ್ವಿಚ್ಚಿಗೆ ತನ್ನ ಕೆಂಪು ಬಟ್ಟೆ ಕಟ್ಟಬೇಕು. ಕಟ್ಟಿದವನೇ ಬಿಚ್ಚಬೇಕು. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ಒಮ್ಮೆ ಹಿಟ್ಟು ಕಲೆಸುವ ಮೆಷಿನ್ನಿಗೆ ನಾನು ಬಟ್ಟೆ ಕಟ್ಟಿದಾಗ ಬಾಸ್ ಬಂದು ಕೂಗಾಡಿದರು, ಹಿಟ್ಟೆಲ್ಲ ಹಾಳಾಗುತ್ತಿದೆ ಅಂತ. ನಾನು ಬಿಚ್ಚಲಿಲ್ಲ. ಒಳಗೆ ಗೇರಿನ ಒಂದು ಹಲ್ಲು ಬಿರುಕು ಬಿಟ್ಟಿತ್ತು. ಓಡಿದರೂ ಓಡಬಹುದಿತ್ತು, ಎಷ್ಟೋ ದಿನ ಓಡಬಹುದಿತ್ತು. ಆದರೆ ಹತ್ತಿರ ನಿಂತು ಕೆಲಸ ಮಾಡುವ ಹುಡುಗಿಯರ ಮುಖ ನನಗೆ ಕಾಣುತ್ತಿತ್ತು.

ಮೂರು ವಾರದಿಂದ ನಾನು ಬೆಳಿಗ್ಗೆ ಎದ್ದ ಕೂಡಲೇ ಗಡಿಯಾರ ನೋಡುತ್ತೇನೆ. ಈಗ ನೀನು ಡಿಪೋದಿಂದ ಹೊರಟಿರುತ್ತೀಯ. ಈಗ ಶಾಲೆ ತಿರುವು. ಈಗ ಮಕ್ಕಳು ಹತ್ತುತ್ತಿರುತ್ತಾರೆ. ಅವರು ಇಳಿದುಹೋಗುವ ತನಕ ನನಗೆ ಟೀ ಇಳಿಯುವುದಿಲ್ಲ.

ಇವತ್ತು ನಿನ್ನ ಡಿಪೋ ಮ್ಯಾನೇಜರಿಗೆ ಕಾಗದ ಬರೆದು ಅಂಚೆಗೆ ಹಾಕಿದೆ. ನನ್ನ ಹೆಸರು, ನನ್ನ ಸಹಿ ಹಾಕಿದ್ದೇನೆ. ಇದು ನಿನಗೆ ನನ್ನಿಂದಲೇ ಮೊದಲು ತಿಳಿಯಲಿ ಅಂತ ಈ ಕಾಗದವನ್ನೂ ಜೊತೆಗೇ ಹಾಕುತ್ತಿದ್ದೇನೆ.

ಅಪ್ಪ

ಆಗಸ್ಟ್ ೩೦

ಅಪ್ಪನವರಿಗೆ,

ನಿಮ್ಮ ಕಾಗದಕ್ಕಿಂತ ಒಂದು ದಿನ ಮುಂಚೆ ನೀವು ಮ್ಯಾನೇಜರಿಗೆ ಬರೆದದ್ದು ತಲುಪಿತು. ನಿಮ್ಮಿಂದಲೇ ಮೊದಲು ತಿಳಿಯಲಿ ಅಂದುಕೊಂಡಿದ್ದಿರಿ, ಆಗಲಿಲ್ಲ.

ಬೆಳಗಿನ ಟ್ರಿಪ್ಪಿಗೆ ಹೊರಟಿದ್ದೆ. ಗೇಟಿನಲ್ಲೇ ತಡೆದು ಇಳಿಸಿದರು. ಗೇಟಿನ ತುಂಬ ಜನ ಇದ್ದರು. ಏನು ಎತ್ತ ಅಂತ ಯಾರೂ ಹೇಳಲಿಲ್ಲ. ಕಂಡಕ್ಟರಮ್ಮ ನನ್ನ ಕೈ ಹಿಡಿದುಕೊಂಡು, “ಯಾರೋ ನಿಂಗೆ ಸರಿಯಾಗಿ ಫಿಟ್ಟಿಂಗ್ ಇಟ್ಟಿದ್ದಾರೆ ಕಣೇ. ಯಾವ ಹಾಳಾದವನೋ ಅವನ ಕೈ ಸೇದಿಹೋಗ” ಅಂದಳು. ನಾನೂ ಅವಳ ಜೊತೆ ಸೇರಿ ಶಾಪ ಹಾಕಿದೆ. ಮಾರನೇ ದಿನ ನಿಮ್ಮ ಕಾಗದ ಬಂತು.

ಈಗ ಬಸ್ಸು ತೊಳೆಯುವ ಶೆಡ್ಡಿನಲ್ಲಿ ಹಾಕಿದ್ದಾರೆ. ರಬ್ಬರ್ ಬೂಟು ಕೊಟ್ಟಿದ್ದಾರೆ, ಗಂಡಸರ ಅಳತೆಯದು. ನನ್ನ ಬಸ್ಸನ್ನು ಹೊಸಬನೊಬ್ಬ ಓಡಿಸುತ್ತಾನೆ. ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾನೆ, ಗಾಡಿ ಒಳಗೆ ಬರುವಾಗ ಸುಟ್ಟ ವಾಸನೆ. ಅದನ್ನು ನಾನು ತೊಳೆಯುತ್ತೇನೆ.

ಇನ್ನು ಮೇಲೆ ಕಾಗದ ಬೇಡ.

ನಿಮ್ಮ ಮಗಳು

ಸೆಪ್ಟೆಂಬರ್ ೫

ಮೊಂಡಿ,

ಬೇಡ ಅಂದರೂ ಬರೆಯುತ್ತಿದ್ದೇನೆ, ಆ ಗುಣ ನಿನಗೆ ಯಾರಿಂದ ಬಂತು ಅಂದುಕೊಂಡಿದ್ದೀಯ.

ಹುಟ್ಟಿದಾಗಿನಿಂದ ಒಮ್ಮೆಯೂ ನನ್ನನ್ನು ನೀವು ಅಂದವಳಲ್ಲ ನೀನು. ಗದರಿಸಿ ಹೇಳಿಕೊಟ್ಟರೂ ಅನ್ನಲಿಲ್ಲ. ಕಾಗದವನ್ನು ಫ್ಯಾಕ್ಟರಿಯ ಗೇಟಿನಲ್ಲೇ ನಿಂತು ಓದಿದೆ, ಹಿಂದಿನಿಂದ ಲಾರಿಯವನು ಹಾರ್ನ್ ಹೊಡೆದ ಮೇಲೇ ಸರಿದದ್ದು.

ನಿನ್ನಮ್ಮನಿಗೆ ಎಲ್ಲಾ ಹೇಳಿದೆ. ಅವಳು ಅಳಲಿಲ್ಲ, ಕೂಗಾಡಲಿಲ್ಲ. “ಇಷ್ಟು ವರ್ಷ ನಾನು ಬಾಯಿ ಬಿಗಿಹಿಡಿದು ಕಾಪಾಡಿದ್ದನ್ನ ಒಂದು ಕಾಗದದಲ್ಲಿ ಅಂಚೆಗೆ ಹಾಕಿಬಿಟ್ರಿ” ಅಂದಳು. ಆಮೇಲೆ ನನ್ನ ಜೊತೆ ಮಾತಿಲ್ಲ. ಊಟ ಬಡಿಸುತ್ತಾಳೆ, ಸಾಕು ಅಂದರೂ ಬೇಕು ಅಂದರೂ ಒಂದೇ ಅಳತೆ.

ಆ ಫಿಟ್ಟಿಂಗ್ ಇಟ್ಟದ್ದು ನಾನೇ. ನಿಮ್ಮ ಕಂಡಕ್ಟರಮ್ಮನಿಗೆ ಹೇಳಿಬಿಡು, ಆ ಹಾಳಾದವನು ನಮ್ಮಪ್ಪ ಅಂತ. ಅವಳ ಶಾಪ ನನಗೆ ತಟ್ಟಲಿ, ಬೇಜಾರಿಲ್ಲ. ಡಾಕ್ಟರಿಗೆ ತೋರಿಸಿದೆಯೋ ಇಲ್ಲವೋ ಅಷ್ಟು ತಿಳಿಸು.

ಅಪ್ಪ

ಸೆಪ್ಟೆಂಬರ್ ೨೪

ಅಪ್ಪನವರಿಗೆ,

ತೋರಿಸಿದೆ. ಡಿಪೋದವರೇ ದೊಡ್ಡ ಆಸ್ಪತ್ರೆಗೆ ಕಳಿಸಿದ್ದರು. ತಲೆಗೆಲ್ಲ ವೈರು ಅಂಟಿಸಿ ಮಲಗಿಸಿದರು, ಪಕ್ಕದಲ್ಲಿ ಕಾಗದದ ಮೇಲೆ ಗೆರೆ ಓಡುತ್ತಿತ್ತು. ಸ್ಕ್ಯಾನೂ ಆಯಿತು. ಎರಡರಲ್ಲೂ ಏನೂ ಸಿಕ್ಕಲಿಲ್ಲ. ಈಚೆಗೆ ಬಂದಿತ್ತೇ ಅಂತ ಕೇಳಿದರು. ಇಲ್ಲ ಅಂದೆ.

ಡಿಪೋ ಡಾಕ್ಟರು ಒಳ್ಳೆಯವರು. ನನ್ನನ್ನು ಕೂರಿಸಿಕೊಂಡು, “ನೋಡಮ್ಮ, ಪರೀಕ್ಷೆಯಲ್ಲಿ ಏನೂ ಇಲ್ಲ. ನೋಡಿದವರೂ ಯಾರೂ ಇಲ್ಲ. ನಿನಗೆ ಈಗಲೂ ಬರ್ತಿದೆ ಅಂತ ಹೇಳ್ತಿರೋರು ಪ್ರಪಂಚದಲ್ಲಿ ಒಬ್ರೇ, ನಿಮ್ಮ ತಂದೆ. ಅವ್ರು, ‘ನಾನು ಬರೆದದ್ದು ಅವಳ ಚಿಕ್ಕಂದಿನ ಮಾತು, ಈಗಿನದಲ್ಲ’ ಅಂತ ಒಂದು ಸಾಲು ಬರೆದುಕೊಟ್ರೆ ನಾನು ಫಿಟ್ ಅಂತ ಬರೀಬಹುದು” ಅಂದರು.

ಅಪ್ಪ, ಒಂದು ಸಾಲು. ಕಟ್ಟಿದವನೇ ಬಿಚ್ಚಬೇಕು ಅಂತ ನೀವೇ ಬರೆದಿದ್ದಿರಿ. ನೀವೇ ಕಟ್ಟಿದ್ದು, ನೀವೇ ಬಿಚ್ಚಿ. ನಾನು ಮಾತ್ರೆ ತಗೋತೀನಿ, ನಿದ್ದೆಗೆಡುವುದಿಲ್ಲ, ಏನು ಹೇಳಿದರೂ ಕೇಳುತ್ತೇನೆ. ನಾನು ಯಾವತ್ತಾದರೂ ನಿಮ್ಮ ಹತ್ತಿರ ಹೀಗೆ ಬೇಡಿದ್ದೇನೆಯೇ? ಸೈಕಲ್ ಬೇಕು ಅಂದಾಗಲೂ ಹಟ ಮಾಡಿದ್ದೆ, ಬೇಡಿರಲಿಲ್ಲ.

ಶೆಡ್ಡಿನಲ್ಲಿ ದಿನವಿಡೀ ಒದ್ದೆ ಕಾಲಿನಲ್ಲಿ ನಿಲ್ಲುತ್ತೇನೆ. ಆ ಅಜ್ಜ ಒಂದು ದಿನ ಡಿಪೋವರೆಗೂ ಬಂದು ನನ್ನನ್ನು ವಿಚಾರಿಸಿದ. ನಾನು ಬಸ್ಸಿನ ಹಿಂದೆ ಅಡಗಿ ನಿಂತೆ. ಬೆಳಿಗ್ಗೆ ಏಳಬೇಕು ಅಂತಲೇ ಅನ್ನಿಸುವುದಿಲ್ಲ. ಇದನ್ನು ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ.

ನಿಮ್ಮ ಮಗಳು

ಅಕ್ಟೋಬರ್ ೩

ಮಗಳೇ,

ಈ ಸಲ ನಿನ್ನ ಕಾಗದ ಮನೆಗೇ ತಂದೆ, ನಿನ್ನಮ್ಮನಿಗೂ ಓದಿ ಹೇಳಿದೆ. ಅವಳೇ ಪೆನ್ನು ಹಾಳೆ ತಂದು ಮುಂದಿಟ್ಟಳು. ಎಷ್ಟೋ ದಿನದ ಮೇಲೆ ನನ್ನ ಜೊತೆ ಆಡಿದ ಮಾತು ಅದೇ: “ಒಂದು ಸಾಲು ತಾನೆ? ಗೀಚಿ ಬಿಸಾಕಿ. ನಿಮ್ಮ ಕೈಯೇನು ಸವೆದುಹೋಗಲ್ಲ.” ನಾನು ಕೂತೇ ಇದ್ದೆ. ಅವಳು ಪಕ್ಕದಲ್ಲಿ ನಿಂತೇ ಇದ್ದಳು. ಒಲೆ ಮೇಲೆ ಹಾಲು ಉಕ್ಕಿ ಹೋಯಿತು, ಇಬ್ಬರೂ ಏಳಲಿಲ್ಲ.

ಬರೆಯಲಿಲ್ಲ. ಬರೆಯುವುದಿಲ್ಲ.

ನೀನು ಅವರಿಗೆ ಇಲ್ಲ ಅಂದೆ. ನನಗೆ ಹೌದು ಅಂದಿದ್ದೆ. ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ರಕ್ತ ಅಂತ ಬರೆದಿದ್ದೆ. ಆ ಕಾಗದ ಸುಟ್ಟರೂ ಅದು ನನ್ನ ತಲೆಯಿಂದ ಹೋಗಿಲ್ಲ. ಕಟ್ಟಿದವನು ಬಿಚ್ಚಬೇಕು, ನಿಜ. ರಿಪೇರಿ ಆದ ಮೇಲೆ ಬಿಚ್ಚಬೇಕು. ಆಗುವ ಮೊದಲು ಬಿಚ್ಚಿದರೆ ನಾನು ಯಾವ ಸೀಮೆಯ ಫಿಟ್ಟರು?

ಸರಿಯಾಗಿ ತೋರಿಸಿಕೋ. ಇದ್ದದ್ದು ಇದ್ದ ಹಾಗೆ ಹೇಳು. ಮಾತ್ರೆ ತಗೋ, ಅವರು ಎಷ್ಟು ವರ್ಷ ಅನ್ನುತ್ತಾರೋ ಅಷ್ಟು ವರ್ಷ ಕಾದು ನೋಡೋಣ. ಆಗ ನಾನೇ ಬಂದು ಬರೆದುಕೊಡುತ್ತೇನೆ.

ನೀನು ಬದುಕಿರಬೇಕು. ನಿನ್ನ ಬಸ್ಸಿನಲ್ಲಿ ಕೂತವರೂ ಬದುಕಿರಬೇಕು. ನನಗೆ ಇಷ್ಟೇ ಗೊತ್ತಾಗುವುದು, ನಾನು ಹೆಚ್ಚು ಓದಿದವನಲ್ಲ. ಬೇಕಾದರೆ ನನ್ನನ್ನು ದ್ವೇಷಿಸು. ಬೆಳಿಗ್ಗೆ ಎದ್ದು ನನ್ನನ್ನು ಬೈಯುವುದಕ್ಕಾದರೂ ಏಳು.

ಅಪ್ಪ

ಡಿಸೆಂಬರ್ ೧೨

ಮೊಂಡಿ,

ನವೆಂಬರಿನಲ್ಲಿ ಎರಡು ಕಾಗದ ಹಾಕಿದ್ದೆ. ನೀನು ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವುದು ಕೇಳಿಸುತ್ತದೆ. ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ. ಅವಳು ಫೋನ್ ಇಟ್ಟ ಮೇಲೆ, “ಚೆನ್ನಾಗಿದ್ದಾಳಂತಾ?” ಅಂತ ಕೇಳುತ್ತೇನೆ. “ಇದ್ದಾಳೆ” ಅನ್ನುತ್ತಾಳೆ.

ಇಲ್ಲಿ ಚಳಿ ಹೆಚ್ಚಾಗಿದೆ. ಒದ್ದೆಯಲ್ಲಿ ನಿಲ್ಲುತ್ತೀಯ ಅಂತ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ನನ್ನ ಮೇಲಿನ ಸಿಟ್ಟನ್ನು ಅದರ ಮೇಲೆ ತೀರಿಸಬೇಡ.

ಅಪ್ಪ

ಫೆಬ್ರವರಿ ೨೦

ಅಪ್ಪ,

ಅಮ್ಮನಿಗೆ ಹೇಳಿಲ್ಲ, ನಿನಗೆ ಬರೆಯುತ್ತಿದ್ದೇನೆ. ಬೇರೆ ಯಾರಿಗೆ ಬರೆಯಲಿ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಶೆಡ್ಡಿನಲ್ಲಿ ಯಾರೂ ಇರುವುದಿಲ್ಲ. ಆಗ ನಾನು ನನ್ನ ಬಸ್ಸು ಹತ್ತಿ ಡ್ರೈವರ್ ಸೀಟಿನಲ್ಲಿ ಕೂರುತ್ತಿದ್ದೆ. ಇಂಜಿನ್ ಹಾಕುತ್ತಿರಲಿಲ್ಲ, ಕೀ ನನ್ನ ಹತ್ತಿರ ಎಲ್ಲಿಂದ ಬರಬೇಕು. ಸುಮ್ಮನೆ ಸ್ಟಿಯರಿಂಗ್ ಹಿಡಿದು, ಕಣ್ಣು ಮುಚ್ಚಿ, ಮನಸ್ಸಿನಲ್ಲೇ ನನ್ನ ರೂಟು ಓಡಿಸುತ್ತಿದ್ದೆ. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಎಲ್ಲಿ ಗುಂಡಿ ಇದೆ, ಎಲ್ಲಾ. ಹುಚ್ಚು ಅನ್ನು. ದಿನದಲ್ಲಿ ಆ ಹೊತ್ತೊಂದೇ ನನಗೆ ಉಸಿರು ಸರಿಯಾಗಿ ಬರುತ್ತಿತ್ತು.

ಹೋದ ಸೋಮವಾರ ಅಲ್ಲೇ ಬಂತು. ನನಗೇನೂ ನೆನಪಿಲ್ಲ, ಕಂಡಕ್ಟರಮ್ಮ ಹೇಳಿದ್ದು. ನನ್ನ ತಲೆ ಹಾರ್ನಿನ ಮೇಲೆ ಬಿದ್ದಿತ್ತಂತೆ. ಹಾರ್ನಿಗೆ ಕೀ ಬೇಕಿಲ್ಲ, ಹೊಡೆದುಕೊಳ್ಳುತ್ತಲೇ ಇತ್ತಂತೆ. ಊಟಕ್ಕೆ ಕೂತಿದ್ದವರು, “ಯಾವನೋ ಅವನು, ಊಟಾನೂ ಮಾಡೋಕೆ ಬಿಡಲ್ಲ” ಅಂತ ಬೈದರಂತೆ. ಎಷ್ಟು ಹೊತ್ತಾದರೂ ನಿಲ್ಲದೆ ಇದ್ದಾಗ ಎದ್ದು ಬಂದರು. ಮುಂದಿನ ಎರಡು ಹಲ್ಲು ಹೋಗಿವೆ. ಡಿಪೋ ಪೂರ್ತಿ ನೋಡಿತು. ಡಾಕ್ಟರು ಇನ್ನೊಂದು ಮೊಹರು ತೆಗೆದು ಒತ್ತಿದರು. ಒತ್ತುವಾಗ ನನ್ನ ಮುಖ ನೋಡಲಿಲ್ಲ.

ಇನ್ನು ನೀನು ಏನೂ ಬರೆದುಕೊಡುವುದು ಬೇಕಾಗಿಲ್ಲ. ಬರೆದುಕೊಟ್ಟಿದ್ದರೆ ಸೋಮವಾರ ಆ ಸೀಟಿನಲ್ಲಿ ನಾನು ಎಲ್ಲಿರುತ್ತಿದ್ದೆ ಅಂತ ಲೆಕ್ಕ ಹಾಕಬೇಡ, ನಾನು ಹಾಕಿದ್ದೇನೆ. ಆಸ್ಪತ್ರೆಯ ಮಂಚದ ಮೇಲೆ ಮಲಗಿ ಬೇರೇನೂ ಮಾಡಲಿಲ್ಲ. ಸರಳು ಬಡಿಯುವ ಆ ಮಕ್ಕಳ ಮುಖ ಒಂದೊಂದಾಗಿ ಬಂತು. ಹೆಸರು ಗೊತ್ತಿಲ್ಲ, ಮುಖ ಎಲ್ಲಾ ಗೊತ್ತು.

ನೀನು ಮಾಡಿದ್ದು ಸರಿ. ಇದನ್ನು ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು. ಸರಿ ಅಂತ ಗೊತ್ತಾದ ಮೇಲೆ ಸಮಾಧಾನ ಆಗುತ್ತದೆ ಅಂದುಕೊಂಡಿದ್ದೆ, ಏನೂ ಆಗಲಿಲ್ಲ.

ಮನೆಗೆ ಬಾ ಅಂತ ಬರೆಯಬೇಡ. ಬಂದು ಏನು ಮಾಡಲಿ, ಅಮ್ಮ ನನ್ನ ಹಲ್ಲು ನೋಡುತ್ತಾ ಕೂರುತ್ತಾಳೆ. ಮಾತ್ರೆ ಶುರು ಮಾಡಿದ್ದಾರೆ, ತಗೋತಿದ್ದೇನೆ. ದಿನವಿಡೀ ಮಂಪರು, ಕೈ ನನ್ನದಲ್ಲ ಅನ್ನಿಸುತ್ತದೆ. ಕಂಡಕ್ಟರಮ್ಮ ಬಂದು ತಲೆ ಬಾಚಿ ಹೋಗುತ್ತಾಳೆ.

ನೀನು ಹೇಳಿದ ಹಾಗೇ ಇಷ್ಟು ದಿನ ನಿನ್ನನ್ನು ಬೈಯುವುದಕ್ಕೇ ಏಳುತ್ತಿದ್ದೆ ಅಪ್ಪ. ಕಣ್ಣು ಬಿಟ್ಟ ಕೂಡಲೇ ಬೈಯುತ್ತಿದ್ದೆ, ಬೂಟು ಹಾಕುವಾಗ ಬೈಯುತ್ತಿದ್ದೆ, ನೀರಿನ ಪೈಪು ಹಿಡಿದು ಜೋರಾಗಿ ಬೈಯುತ್ತಿದ್ದೆ. ನನ್ನ ಹತ್ತಿರ ಉಳಿದಿದ್ದದ್ದು ಅದೊಂದೇ. ಈಗ ಬೈಯಲು ಹೋದರೆ ಬಾಯಿ ಬರುವುದಿಲ್ಲ. ಇವತ್ತು ಬೆಳಿಗ್ಗೆ ಎಚ್ಚರವಾಗಿ ಮಲಗೇ ಇದ್ದೆ, ಏಳುವುದಕ್ಕೆ ಕಾರಣ ಹುಡುಕುತ್ತಾ. ಮಧ್ಯಾಹ್ನವಾದರೂ ಸಿಗಲಿಲ್ಲ. ಆಮೇಲೆ ನಿನಗೆ ಬರೆಯೋಣ ಅಂತ ಎದ್ದೆ.

ಬರೆದಾಯಿತು.

ನಿನ್ನ ಮಗಳು